ಅಲಾಸ್ಕಾ ಹೆದ್ದಾರಿಯಲ್ಲಿ ಕುಟುಂಬ ಸಮೇತ ಕಾರು ಪ್ರಯಾಣ: ಯೋಜನೆ ಹಾಕುವ ಸರಿಯಾದ ಕ್ರಮ

ಎಡ್ಮಂಟನ್, ಕ್ಯಾಲ್ಗರಿ, ವ್ಯಾಂಕೂವರ್, ಸಿಯಾಟಲ್‌ಗಳಿಂದ ಕೆನಡಾದ ವಾಯವ್ಯದಲ್ಲಿರುವ ಯೂಕಾನ್ ಕಡೆಗೆ ಕಾರಿನಲ್ಲಿ ಹೊರಡುವ ಕನ್ನಡ ಕುಟುಂಬಗಳ ಯೋಜನೆ ಬಹುತೇಕ ಒಂದೇ ಕಾರಣಕ್ಕೆ ಕೆಡುತ್ತದೆ. ನೋಡಬೇಕಾದ ಸ್ಥಳಗಳ ಪಟ್ಟಿ ಮೊದಲು ಸಿದ್ಧವಾಗುತ್ತದೆ. ಗೂಗಲ್ ಮ್ಯಾಪ್ ತೋರಿಸಿದ ಗಂಟೆಗಳನ್ನು ನಂಬಿ ಹೋಟೆಲ್ ಕಾದಿರಿಸಲಾಗುತ್ತದೆ. ಕಾರಿನ ಟೈರು, ಅಪ್ಪ ಅಮ್ಮನ ವೀಸಾ, ಪೆಟ್ರೋಲ್ ಸಿಗುವ ಊರು ಇವೆಲ್ಲ ಹೊರಡುವ ವಾರದಲ್ಲಿ ನೆನಪಾಗುತ್ತವೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವ ಅನುಕ್ರಮದಲ್ಲಿಯೇ ಮುಗಿಸಬೇಕು, ಏಕೆಂದರೆ ಪ್ರತಿಯೊಂದು ಹಂತದ ಉತ್ತರವೂ ಅದರ ಮುಂದಿನದನ್ನು ಬದಲಾಯಿಸುತ್ತದೆ.

ಇಲ್ಲಿ ಹೇಳುವುದು ಬೇಸಿಗೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಡಾಸನ್ ಕ್ರೀಕ್‌ನಿಂದ ಯೂಕಾನಿನ ರಾಜಧಾನಿ ವೈಟ್‌ಹಾರ್ಸ್‌ವರೆಗೆ, ಬೇಕೆಂದರೆ ಅಲ್ಲಿಂದ ಕ್ಲುವಾನಿ ಸರೋವರದವರೆಗೆ ಹೋಗಿಬರುವ ಪ್ರಯಾಣದ ಬಗ್ಗೆ. ಆರ್ಕ್ಟಿಕ್ ಸಾಗರದ ದಂಡೆಗೆ ಕರೆದೊಯ್ಯುವ ಡೆಂಪ್‌ಸ್ಟರ್ ಹೆದ್ದಾರಿಯ ಆಸೆ ಹಲವರಿಗಿರುತ್ತದೆ. ಅದು ಇನುವಿಕ್‌ವರೆಗೆ 730 ಕಿ.ಮೀ.ಗೂ ಹೆಚ್ಚು ಉದ್ದದ ಜಲ್ಲಿ ರಸ್ತೆ. ನಡುವೆ ಎರಡು ನದಿಗಳನ್ನು ಫೆರಿಯಲ್ಲಿ ದಾಟಬೇಕು. ಆರಂಭದ ಸುಮಾರು 370 ಕಿ.ಮೀ.ವರೆಗೆ, ಅಂದರೆ ಈಗಲ್ ಪ್ಲೇನ್ಸ್ ತಲುಪುವವರೆಗೆ, ಪೆಟ್ರೋಲ್ ಇಲ್ಲ. ಮೊದಲ ಸಲ ಉತ್ತರಕ್ಕೆ ಹೊರಟವರು, ಅದರಲ್ಲೂ ಚಿಕ್ಕ ಮಕ್ಕಳಿರುವವರು, ಅದನ್ನು ಈ ಪ್ರಯಾಣಕ್ಕೆ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 1: ಅಲಾಸ್ಕಾ ಬೇಕೇ ಬೇಡವೇ ಎಂದು ತೀರ್ಮಾನಿಸಿ

ಹೆಸರು ಅಲಾಸ್ಕಾ ಹೆದ್ದಾರಿ ಎಂದಿದ್ದರೂ ಅದರ ಹೆಚ್ಚಿನ ಭಾಗ ಇರುವುದು ಕೆನಡಾದಲ್ಲಿ. ಗಡಿ ದಾಟದೆಯೂ ಪ್ರಯಾಣ ಪೂರ್ಣವಾಗುತ್ತದೆ. ದಾಟುವುದಾದರೆ ಪ್ರಶ್ನೆ ಕಾರಿನದಲ್ಲ, ಕಾರಿನೊಳಗಿನ ಪ್ರತಿಯೊಬ್ಬರ ಪಾಸ್‌ಪೋರ್ಟಿನದು. ಕೆನಡಾದ ಪಿ.ಆರ್. (ಕಾಯಂ ನೆಲೆಸುವ ಅನುಮತಿ) ಇದ್ದೂ ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರಿಗೆ ಅಮೆರಿಕದ ವೀಸಾ ಬೇಕು. ಸೂಪರ್ ವೀಸಾದಲ್ಲಿ ಬಂದಿರುವ ತಂದೆ ತಾಯಿಗೂ ಅಷ್ಟೆ. ಸಿಯಾಟಲ್ ಕಡೆಯಿಂದ ಬರುವವರ ಲೆಕ್ಕ ಇದಕ್ಕೆ ತಿರುವುಮುರುವು: ಅಮೆರಿಕದಲ್ಲಿ ಎಚ್-1ಬಿ ಉದ್ಯೋಗ ವೀಸಾ ಮೇಲಿರುವ ಭಾರತೀಯರಿಗೆ ಕೆನಡಾದ ವಿಸಿಟರ್ ವೀಸಾ ಬೇಕು, ಗ್ರೀನ್ ಕಾರ್ಡ್ ಇರುವವರಿಗೆ ವೀಸಾ ಬೇಡವಾದರೂ ಕಾರ್ಡು ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಬೇಕು.

ಪದೇಪದೇ ಆಗುವ ತಪ್ಪು ಸ್ಕಾಗ್ವೇ ಊರಿನದು. ವೈಟ್‌ಹಾರ್ಸ್‌ನಿಂದ ಸುಮಾರು 175 ಕಿ.ಮೀ. ದೂರವಿರುವ ಅದನ್ನು ಒಂದು ದಿನದ ಸುತ್ತಾಟವೆಂದು ಪಟ್ಟಿಗೆ ಸೇರಿಸಿರುತ್ತಾರೆ. ಅದು ಅಲಾಸ್ಕಾದಲ್ಲಿದೆ ಎಂಬುದು ಗಡಿಯ ಫಲಕ ಕಂಡಾಗಲೇ ತಿಳಿಯುವುದು. ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ್ದರಿಂದ ಈ ತೀರ್ಮಾನ ಚಳಿಗಾಲದಲ್ಲಿಯೇ ಆಗಿರಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಸಹಿಯಿರುವ ಒಪ್ಪಿಗೆ ಪತ್ರ ಜೊತೆಗಿರಲಿ. ಹಸಿ ಕರಿಬೇವು, ನಿಂಬೆ, ಹಣ್ಣು ಹಂಪಲುಗಳನ್ನು ಅಮೆರಿಕದ ಗಡಿಗೆ ಮೊದಲೇ ಬಳಸಿ ಮುಗಿಸುವುದು ಕ್ಷೇಮ; ಉಳಿದದ್ದನ್ನು ಕೇಳುವ ಮೊದಲೇ ಅಧಿಕಾರಿಗೆ ಹೇಳಿಬಿಡಬೇಕು.

ಹಂತ 2: ದಿನಾಂಕ ಗೊತ್ತುಮಾಡಿ

ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ದಾರಿಯ ಲಾಡ್ಜ್‌ಗಳು, ಪೆಟ್ರೋಲ್ ಬಂಕುಗಳು ತೆರೆದಿರುತ್ತವೆ. ಜೂನ್‌ನಲ್ಲಿ ವೈಟ್‌ಹಾರ್ಸ್‌ನಲ್ಲಿ ಹಗಲು ಸುಮಾರು 19 ಗಂಟೆ ಇರುತ್ತದೆ, ಸೊಳ್ಳೆಯೂ ಅದಕ್ಕೆ ತಕ್ಕಷ್ಟು ಇರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಆಗಸ್ಟ್ ಕೊನೆಯ ವಾರವೇ ಲೇಸು: ಸೊಳ್ಳೆ ಕಡಿಮೆ, ಎಲೆಗಳು ಬಣ್ಣ ತಿರುಗುತ್ತಿರುತ್ತವೆ, ಕತ್ತಲು ಬರುವುದರಿಂದ ಮಕ್ಕಳು ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಸೆಪ್ಟೆಂಬರ್ ನಡುವೆ ಹಲವು ಲಾಡ್ಜ್‌ಗಳು ಬಾಗಿಲು ಹಾಕುತ್ತವೆ, ಎತ್ತರದ ಕಣಿವೆಗಳಲ್ಲಿ ಹಿಮವೂ ಬೀಳಬಹುದು.

ರಸ್ತೆ ದುರಸ್ತಿ ನಡೆಯುವುದೂ ಇದೇ ಬೇಸಿಗೆಯಲ್ಲಿ. ಒಂದೇ ಪಥ ಬಿಟ್ಟು, ಮುಂದೆ ಪೈಲಟ್ ವಾಹನ ಹಾಕಿ ಕಾರುಗಳನ್ನು ಸಾಲಾಗಿ ಕರೆದೊಯ್ಯುವ ಕಡೆಗಳಲ್ಲಿ ಕಾಯುವ ಸಮಯವನ್ನು ದಿನದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಹಂತ 3: ದಿನಕ್ಕಿಷ್ಟು ದೂರ ಎಂದು ಮಿತಿ ಹಾಕಿ, ಆಮೇಲೆ ನಿಲ್ದಾಣ ಆರಿಸಿ

ಮಕ್ಕಳಿರುವ ಕಾರಿಗೆ ಡಾಸನ್ ಕ್ರೀಕ್ ದಾಟಿದ ಮೇಲೆ ದಿನಕ್ಕೆ ಸುಮಾರು 450 ಕಿ.ಮೀ. ಮಿತಿ. ಇದಕ್ಕಿಂತ ಹೆಚ್ಚು ಓಡಿಸಲು ರಸ್ತೆ ಬಿಡುತ್ತದೆ, ಹಿಂದಿನ ಸೀಟು ಬಿಡುವುದಿಲ್ಲ. ಎಡ್ಮಂಟನ್‌ನಿಂದ ಹೊರಟವರಿಗೆ ಈ ಮಿತಿಯೊಳಗೆ ದಾರಿ ಹೀಗೆ ಹಂಚಿಕೆಯಾಗುತ್ತದೆ. ಮೊದಲ ದಿನ ಡಾಸನ್ ಕ್ರೀಕ್, ಸುಮಾರು 590 ಕಿ.ಮೀ.; ಒಳ್ಳೆಯ ರಸ್ತೆಯಾದ್ದರಿಂದ ಇದೊಂದು ದಿನಕ್ಕೆ ವಿನಾಯಿತಿ ಕೊಡಬಹುದು, ಇಲ್ಲವಾದರೆ ಗ್ರ್ಯಾಂಡ್ ಪ್ರೇರಿಯಲ್ಲಿ ತಂಗಬಹುದು. ಎರಡನೆಯ ದಿನ ಫೋರ್ಟ್ ನೆಲ್ಸನ್, ಸುಮಾರು 455 ಕಿ.ಮೀ. ಮೂರನೆಯ ದಿನ ಲಿಯಾರ್ಡ್ ನದಿಯ ಬಿಸಿನೀರಿನ ಬುಗ್ಗೆ, ಸುಮಾರು 310 ಕಿ.ಮೀ. ನಾಲ್ಕನೆಯ ದಿನ ವಾಟ್ಸನ್ ಲೇಕ್, ಸುಮಾರು 215 ಕಿ.ಮೀ. ಐದನೆಯ ದಿನ ವೈಟ್‌ಹಾರ್ಸ್, ಸುಮಾರು 440 ಕಿ.ಮೀ. ಆರನೆಯ ದಿನ ಯಾರೂ ಕಾರು ಮುಟ್ಟಕೂಡದು.

ಮೂರನೆಯ ದಿನದ 310 ಕಿ.ಮೀ. ಕಂಡು ಅದನ್ನು ನಾಲ್ಕನೆಯ ದಿನದೊಂದಿಗೆ ಸೇರಿಸಿ ಒಂದು ದಿನ ಉಳಿಸಲು ಹೊರಡುವವರೇ ಹೆಚ್ಚು. ಇಡೀ ಹೆದ್ದಾರಿಯ ಅತಿ ಎತ್ತರದ ಜಾಗ, 1,295 ಮೀಟರಿನ ಸಮಿಟ್ ಲೇಕ್ ಕಣಿವೆ, ಈ ದಿನದ ದಾರಿಯಲ್ಲಿದೆ; ಆಮೇಲೆ ಬಂಡೆಗೂ ಮಂಚೋ ಸರೋವರದ ನೀರಿಗೂ ನಡುವೆ ಅಂಕುಡೊಂಕಾಗಿ ಸಾಗುವ ರಸ್ತೆ; ಖನಿಜದ ಉಪ್ಪು ನೆಕ್ಕಲು ರಸ್ತೆಗೇ ಇಳಿಯುವ ಕಾಡುಕುರಿಗಳು; ಲಿಯಾರ್ಡ್ ಸುತ್ತಮುತ್ತ ಡಾಂಬರಿನ ಮೇಲೆಯೇ ನಿಲ್ಲುವ ಬೈಸನ್ (ಕಾಡುದನ) ಹಿಂಡು. ಸರಾಸರಿ ವೇಗ ತಾನಾಗಿಯೇ ಇಳಿಯುತ್ತದೆ. ಪ್ರಯಾಣದ ಅತ್ಯಂತ ಚೆಲುವಾದ ಭಾಗವೂ ಇದೇ ಆಗಿರುವುದರಿಂದ ಉಳಿಸಬೇಕಾದ ದಿನ ಇದಲ್ಲ.

ವೈಟ್‌ಹಾರ್ಸ್‌ನಿಂದ ಮುಂದೆ ಹೇನ್ಸ್ ಜಂಕ್ಷನ್ 155 ಕಿ.ಮೀ. ಆಸುಪಾಸು, ಅಲ್ಲಿಂದ ಕ್ಲುವಾನಿ ಸರೋವರ ನೋಡಿ ಹಿಂತಿರುಗಬಹುದು. ಸರೋವರ ದಾಟಿ ಅಲಾಸ್ಕಾ ಗಡಿಯ ಕಡೆಗೆ ಹೋದರೆ ನೆಲದಡಿಯ ಹೆಪ್ಪುಗಟ್ಟಿದ ಮಣ್ಣು ಕರಗಿ ಕುಸಿಯುವುದರಿಂದ ರಸ್ತೆ ಅಲೆಯಲೆಯಾಗಿ ಏಳುಬೀಳಾಗಿರುತ್ತದೆ. ವಾಂತಿ ಮಾಡುವ ಸ್ವಭಾವದ ಮಕ್ಕಳಿದ್ದರೆ ಈ ಭಾಗ ಬಿಟ್ಟುಬಿಡುವುದು ಒಳ್ಳೆಯದು. ಎಡ್ಮಂಟನ್‌ನಿಂದ ಹೋಗಿಬರಲು ಹದಿನಾಲ್ಕು ದಿನಕ್ಕಿಂತ ಕಡಿಮೆ ರಜೆ ಇದ್ದರೆ ವೈಟ್‌ಹಾರ್ಸ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಯೇ ಕಾರು ಬಾಡಿಗೆಗೆ ಪಡೆಯುವುದನ್ನು ಯೋಚಿಸಿ.

ಮಿತಿ ಹಾಕಿ ಊರುಗಳನ್ನು ಆರಿಸಿದ ಮೇಲಷ್ಟೇ ಕೋಣೆ ಅಥವಾ ಕ್ಯಾಂಪ್ ಜಾಗ ಕಾದಿರಿಸಬೇಕು. ಲಿಯಾರ್ಡ್, ಮಂಚೋ ಭಾಗದಲ್ಲಿ ತಂಗುವ ಜಾಗಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಮೊದಲು ಅವು, ನಂತರ ವಾಟ್ಸನ್ ಲೇಕ್, ಕೊನೆಗೆ ದೊಡ್ಡ ಊರುಗಳು. ದರ ತುಸು ಹೆಚ್ಚಾದರೂ ರದ್ದುಮಾಡಲು ಬರುವ ಕೋಣೆಯನ್ನೇ ಆರಿಸಿ. ಇದರ ಕಾರಣ ಕೊನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 4: ವಾಹನವನ್ನು ಹೊರಡುವ ಒಂದು ತಿಂಗಳ ಮುಂಚೆ ಸಿದ್ಧಪಡಿಸಿ

ಮುಖ್ಯ ಹೆದ್ದಾರಿಗೆ ನಾಲ್ಕು ಚಕ್ರ ಚಾಲನೆಯ ದೊಡ್ಡ ಗಾಡಿ ಬೇಕಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಸಾಮಾನ್ಯ ಮಿನಿವ್ಯಾನ್ ಸಾಕು. ಬೇಕಾಗಿರುವುದು ಒಳ್ಳೆಯ ಟೈರು ಮತ್ತು ಪೂರ್ಣ ಗಾತ್ರದ ಸ್ಟೆಪ್ನಿ. ಈಗಿನ ಹಲವು ಕಾರುಗಳಲ್ಲಿ ಸ್ಟೆಪ್ನಿಯ ಬದಲು ತೆಳ್ಳಗಿನ ತಾತ್ಕಾಲಿಕ ಚಕ್ರವೋ ಬರಿಯ ಅಂಟಿನ ಡಬ್ಬಿಯೋ ಇರುತ್ತದೆ. ಟೈರಿನ ಪಕ್ಕ ಸೀಳಿದರೆ ಅಂಟು ಕೆಲಸಕ್ಕೆ ಬಾರದು, ತೆಳು ಚಕ್ರದಲ್ಲಿ ಮುಂದಿನ ಟೈರಂಗಡಿಯವರೆಗಿನ ದೂರ ಸಾಗದು. ಆದ್ದರಿಂದ ಡಿಕ್ಕಿ ತೆರೆದು ಒಳಗೆ ಏನಿದೆಯೆಂದು ಇಂದೇ ನೋಡಿ.

ಜೊತೆಗಿರಬೇಕಾದ ಸಲಕರಣೆಗಳೆಂದರೆ ಭಾರ ತಾಳುವ ಜ್ಯಾಕ್, ಮಣ್ಣಿನಲ್ಲಿ ಅದು ಹೂತುಹೋಗದಂತೆ ಅಡಿಗೆ ಇಡಲು ಒಂದು ಹಲಗೆ ತುಂಡು, ಚಕ್ರದ ಸ್ಪ್ಯಾನರ್, ಗಾಳಿಯ ಒತ್ತಡ ನೋಡುವ ಗೇಜ್, ಕಾರಿನ ವಿದ್ಯುತ್ತಿನಿಂದ ಓಡುವ ಕಂಪ್ರೆಸರ್, ಪಂಕ್ಚರ್ ಮುಚ್ಚುವ ಪ್ಲಗ್ ಕಿಟ್, ಬ್ಯಾಟರಿ ಜಂಪರ್, ಎಳೆಯುವ ಹಗ್ಗ, ತಲೆಗೆ ಕಟ್ಟುವ ಟಾರ್ಚ್, ಗಾಜು ತೊಳೆಯುವ ದ್ರವದ ಎರಡು ಕ್ಯಾನ್. ಇವುಗಳನ್ನು ಕೊಂಡು ಸೂಟ್‌ಕೇಸುಗಳ ಅಡಿಯಲ್ಲಿ ಹೂತಿಡುವುದು ಮಾಮೂಲಿ ತಪ್ಪು. ಇನ್ನೊಂದು, ಚಕ್ರ ಬದಲಿಸುವುದನ್ನು ಮನೆಯ ಮುಂದೆ ಒಮ್ಮೆಯೂ ಮಾಡಿ ನೋಡದಿರುವುದು. ಚಾಲಕರಿಬ್ಬರೂ ಒಂದೊಂದು ಸಲ ಬದಲಿಸಿ ನೋಡಬೇಕು. ಕೆಲವು ಕಾರುಗಳ ನಟ್ಟಿಗೆ ಪ್ರತ್ಯೇಕ ಕೀಲಿ ಇರುತ್ತದೆ, ಅದು ಎಲ್ಲಿದೆಯೆಂದು ಆಗ ಗೊತ್ತಾಗುತ್ತದೆ.

ಯೂಕಾನಿನ ಬಹಳಷ್ಟು ರಸ್ತೆ ಡಾಂಬರು ಸಿಂಪಡಿಸಿ ಮೇಲೆ ಜಲ್ಲಿ ಹರಡಿ ಮಾಡಿದ್ದು. ಎದುರಿನಿಂದ ಲಾರಿ ಬಂದಾಗ ಕಲ್ಲು ಸಿಡಿದು ಮುಂಗಾಜು ಬಿರುಕು ಬಿಡುವುದು ಅಲ್ಲಿ ಸುದ್ದಿಯೇ ಅಲ್ಲ. ವಿಮೆಯಲ್ಲಿ ಗಾಜಿನ ರಕ್ಷಣೆ ಇದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಿರಿ. ಬಾಡಿಗೆ ಕಾರಾದರೆ ಜಲ್ಲಿ ರಸ್ತೆ, ಗಡಿ ದಾಟುವುದು ಇವೆರಡರ ಬಗ್ಗೆ ಕರಾರುಪತ್ರ ಏನು ಹೇಳುತ್ತದೆ ಎಂದು ಓದಬೇಕು. ನಿಷೇಧಿಸಿದ ರಸ್ತೆಗೆ ಇಳಿದರೆ ಹಣ ಕೊಟ್ಟು ಕೊಂಡ ವಿಮೆಯೂ ಅನ್ವಯವಾಗದಿರಬಹುದು.

ಹಂತ 5: ಪೆಟ್ರೋಲಿನ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಇಂಧನ ಸಿಗುವ ಜಾಗಗಳನ್ನೂ ಅವುಗಳ ನಡುವಿನ ದೂರವನ್ನೂ ಬರೆದು ಕಾರಿನಲ್ಲಿ ಅಂಟಿಸಿ. ನಿಯಮ ಒಂದೇ: ಟ್ಯಾಂಕ್ ಅರ್ಧಕ್ಕೆ ಇಳಿದಿದ್ದು ಮುಂದೆ ಬಂಕ್ ಕಂಡರೆ, ದರ ಎಷ್ಟೇ ಇರಲಿ, ತುಂಬಿಸುವುದು. ಮುಂದಿನ ಊರಿನಲ್ಲಿ ಅಗ್ಗ ಇರಬಹುದೆಂದು ಮುಂದೆ ಹೋದವರು ಅಲ್ಲಿ ಬಂಕ್ ಮುಚ್ಚಿರುವುದನ್ನು ನೋಡುತ್ತಾರೆ. ಹೆದ್ದಾರಿಯ ಹಳೆಯ ಲಾಡ್ಜ್‌ಗಳಲ್ಲಿ ಹಲವು ಈಗ ಪಾಳು ಬಿದ್ದಿವೆ, ಆದರೆ ಹಳೆಯ ನಕ್ಷೆಗಳಲ್ಲಿ ಇನ್ನೂ ಜೀವಂತವಾಗಿವೆ. ಪ್ರತಿ ವರ್ಷ ಪರಿಷ್ಕರಿಸಿ ಮುದ್ರಿಸುವ ‘ದಿ ಮೈಲ್‌ಪೋಸ್ಟ್’ ಕೈಪಿಡಿಯ ಆ ವರ್ಷದ ಪ್ರತಿಯನ್ನೇ ಕೊಳ್ಳಬೇಕೆನ್ನುವುದು ಇದಕ್ಕಾಗಿ.

ಗೊಂದಲಕ್ಕೆ ಇನ್ನೊಂದು ಕಾರಣ ಮೈಲಿಗಲ್ಲು. ಸ್ಥಳೀಯರು ವಿಳಾಸ ಹೇಳುವುದು ಹಳೆಯ ಮೈಲಿಗಳಲ್ಲಿ. ರಸ್ತೆಯ ತಿರುವುಗಳನ್ನು ವರ್ಷಗಳಿಂದ ನೇರಗೊಳಿಸುತ್ತ ಬಂದಿರುವುದರಿಂದ ಆ ಅಂಕಿ ಈಗಿನ ಕಿಲೋಮೀಟರಿಗೆ ಹೊಂದುವುದಿಲ್ಲ. ಲೆಕ್ಕಕ್ಕೆ ನಿಮ್ಮ ಕಾರಿನ ಮೀಟರನ್ನು ಮಾತ್ರ ನಂಬಿ. ಹೆಚ್ಚುವರಿ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದಾದರೆ ಅದು ಮಕ್ಕಳು ಕುಳಿತ ಕಾರಿನ ಒಳಗಿರಕೂಡದು, ಹೊರಗಿನ ಚೌಕಟ್ಟಿನಲ್ಲಿ ಭದ್ರವಾಗಿರಬೇಕು.

ಹಂತ 6: ಫೋನ್ ಸತ್ತಾಗ ಏನು ಮಾಡುವುದೆಂದು ಮೊದಲೇ ಏರ್ಪಾಡು ಮಾಡಿ

ಊರು ದಾಟಿದ ಕೆಲವು ಕಿಲೋಮೀಟರಿನಲ್ಲೇ ಸಿಗ್ನಲ್ ಹೋಗುತ್ತದೆ, ಮತ್ತೆ ಬರುವುದು ಮುಂದಿನ ಊರಿನಲ್ಲಿ. ನಕ್ಷೆಗಳನ್ನು ಫೋನಿಗೆ ಇಳಿಸಿಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಸಹಾಯ ಕೇಳುವ ದಾರಿಯನ್ನು ಯೋಚಿಸುವವರು ಕಡಿಮೆ. ಐಫೋನ್ 14 ಮತ್ತು ಅದರ ನಂತರದ ಫೋನುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯವಿದೆ ನಿಜ, ಆದರೆ 62 ಡಿಗ್ರಿ ಅಕ್ಷಾಂಶದಿಂದ ಮೇಲೆ ಅದು ಕೆಲಸ ಮಾಡದಿರಬಹುದೆಂದು ಆಪಲ್ ಕಂಪನಿಯೇ ಹೇಳಿದೆ. ವೈಟ್‌ಹಾರ್ಸ್ ಆ ರೇಖೆಯ ಕೆಳಗಿದೆ, ಯೂಕಾನಿನದೇ ಊರಾದ ಡಾಸನ್ ಸಿಟಿ (ಡಾಸನ್ ಕ್ರೀಕ್ ಅಲ್ಲ) ಮೇಲಿದೆ. ಹಾಗಾಗಿ ಗಾರ್ಮಿನ್ ಇನ್‌ರೀಚ್‌ನಂತಹ ಪ್ರತ್ಯೇಕ ಉಪಗ್ರಹ ಸಾಧನವನ್ನು ಆ ತಿಂಗಳ ಚಂದಾ ಕಟ್ಟಿ ಒಯ್ಯುವುದು ನನ್ನ ಸಲಹೆ. ಮನೆಯಲ್ಲಿದ್ದಾಗಲೇ ಅದರಿಂದ ಒಂದು ಸಂದೇಶ ಕಳಿಸಿ ನೋಡಿ.

ಊರಿನಲ್ಲಿರುವ ಒಬ್ಬ ಬಂಧುವಿಗೋ ಸ್ನೇಹಿತರಿಗೋ ದಿನವಾರು ದಾರಿ, ಕಾರಿನ ನಂಬರು, ತಂಗುವ ಜಾಗ ಬರೆದು ಕೊಡಿ. ಸಂಜೆ ಇಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಮರುದಿನ ಬೆಳಿಗ್ಗೆ ಮೊದಲು ತಂಗುದಾಣಕ್ಕೆ, ಆಮೇಲೆ ಆರ್‌ಸಿಎಂಪಿ ಪೊಲೀಸರಿಗೆ ಕರೆ ಮಾಡಬೇಕೆಂದು ಸ್ಪಷ್ಟವಾಗಿ ಹೇಳಿ. ಈ ಕೆಲಸವನ್ನು ಬೆಂಗಳೂರಿನಲ್ಲಿರುವ ಅಮ್ಮನಿಗೆ ಒಪ್ಪಿಸಬೇಡಿ. ಅದೇ ದೇಶದಲ್ಲಿರುವ, ಗಾಬರಿಯಾಗದೆ ಫೋನ್ ಮಾಡಬಲ್ಲವರು ಬೇಕು. ಸಮಯದ ಲೆಕ್ಕವನ್ನೂ ತಿಳಿಸಿ: ಬೇಸಿಗೆಯಲ್ಲಿ ಡಾಸನ್ ಕ್ರೀಕ್ ಮತ್ತು ಯೂಕಾನ್ ಎರಡೂ ಆಲ್ಬರ್ಟಾಗಿಂತ ಒಂದು ಗಂಟೆ ಹಿಂದೆ, ಅಲಾಸ್ಕಾ ಅದಕ್ಕಿಂತ ಮತ್ತೊಂದು ಗಂಟೆ ಹಿಂದೆ.

ಯೂಕಾನಿನಲ್ಲಿ ಆಸ್ಪತ್ರೆಗಳಿರುವುದು ವೈಟ್‌ಹಾರ್ಸ್, ವಾಟ್ಸನ್ ಲೇಕ್, ಡಾಸನ್ ಸಿಟಿ ಈ ಮೂರು ಊರುಗಳಲ್ಲಿ ಮಾತ್ರ. ಉಳಿದ ಊರುಗಳಲ್ಲಿ ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರಗಳಿವೆ. ಬೇರೆ ಪ್ರಾಂತ್ಯದಲ್ಲಿ ಆಂಬ್ಯುಲೆನ್ಸ್, ಅದರಲ್ಲೂ ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚು, ಸಾಮಾನ್ಯವಾಗಿ ನಿಮ್ಮ ಪ್ರಾಂತ್ಯದ ಆರೋಗ್ಯ ವಿಮೆಗೆ ಸೇರುವುದಿಲ್ಲ. ಪ್ರತ್ಯೇಕ ಪ್ರಯಾಣ ವಿಮೆ ಬೇಕು. ಭಾರತದಿಂದ ಬಂದ ಹಿರಿಯರ ವಿಮೆಯಲ್ಲಿ ಈಗಾಗಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆಗೆ ಯಾವ ಷರತ್ತಿದೆ ಎಂದು ಓದಿ. ಮಾತ್ರೆಗಳನ್ನು ಪ್ರಯಾಣದ ದಿನಗಳಿಗಿಂತ ಒಂದು ವಾರ ಹೆಚ್ಚಾಗಿ, ಎರಡು ಚೀಲಗಳಲ್ಲಿ ಹಂಚಿ ಇಡಿ.

ಹಂತ 7: ಊಟ, ಕರಡಿ, ಸೊಳ್ಳೆ

ದಾರಿಯ ಲಾಡ್ಜ್‌ಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಬಹುಮಟ್ಟಿಗೆ ಆಲೂಗಡ್ಡೆ, ಬ್ರೆಡ್ಡು, ಮೊಟ್ಟೆ ತಿನ್ನುವವರಿಗೆ ಆಮ್ಲೆಟ್. ಎಡ್ಮಂಟನ್‌ನಲ್ಲಿಯೇ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬೇಗ ಬೇಯುವ ಹೆಸರುಬೇಳೆ ಕಟ್ಟಿಕೊಂಡರೆ ಐದು ದಿನ ನಿಶ್ಚಿಂತೆ. ಫೋರ್ಟ್ ನೆಲ್ಸನ್ ಮತ್ತು ವೈಟ್‌ಹಾರ್ಸ್‌ನಲ್ಲಿ ಹಾಲು ತರಕಾರಿ ಸಿಗುತ್ತವೆ. ಒಲೆಗೆ ಪ್ರೊಪೇನ್ ಸಿಲಿಂಡರ್ ಆರಿಸಿ. ಬರಿಯ ಬ್ಯೂಟೇನ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದೇ ಇಲ್ಲ, ಎತ್ತರದ ಕ್ಯಾಂಪುಗಳಲ್ಲಿ ಬೆಳಗಿನ ಕಾಫಿಗೆ ಅದು ಕೈಕೊಡುತ್ತದೆ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಬೇಕು.

ಇಂಗು ಒಗ್ಗರಣೆಯ ವಾಸನೆ ನಮಗೆ ಎಷ್ಟು ದೂರ ಬರುತ್ತದೋ ಕರಡಿಗೆ ಅದರ ಎಷ್ಟೋ ಪಾಲು ದೂರ ಬರುತ್ತದೆ. ಟೆಂಟಿನ ಪಕ್ಕದಲ್ಲಿ ಅಡುಗೆ ಮಾಡಬೇಡಿ. ಪಾತ್ರೆ ತೊಳೆದ ನೀರನ್ನು ಅಲ್ಲೇ ಚೆಲ್ಲಬೇಡಿ. ಆಹಾರ, ಟೂತ್‌ಪೇಸ್ಟ್, ಸಾಬೂನು, ಮಗುವಿನ ಒರೆಸುವ ಕಾಗದ ಎಲ್ಲವೂ ರಾತ್ರಿ ಕಾರಿನೊಳಗೆ ಅಥವಾ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇರಬೇಕು. ಕರಡಿ ಸ್ಪ್ರೇ ಡಬ್ಬಿ ನಡೆಯುವಾಗ ಸೊಂಟದಲ್ಲಿರಲಿ, ಅವಧಿ ಮುಗಿದಿರದಿರಲಿ. ಅದನ್ನು ಸೊಳ್ಳೆ ಔಷಧಿಯಂತೆ ಮೈಗೆ ಅಥವಾ ಟೆಂಟಿಗೆ ಸಿಂಪಡಿಸಿಕೊಂಡು ಕಣ್ಣುರಿ ತಂದುಕೊಳ್ಳುವವರಿದ್ದಾರೆ. ಅದು ಎದುರಿಗೆ ನುಗ್ಗಿ ಬರುವ ಕರಡಿಯ ಮುಖಕ್ಕೆ ಹೊಡೆಯುವಂಥದು.

ಕರಡಿ, ಬೈಸನ್‌ಗಳಿಂದ 100 ಮೀಟರ್, ಮೂಸ್ (ದೊಡ್ಡ ಜಾತಿಯ ಜಿಂಕೆ), ಕುರಿಗಳಿಂದ 30 ಮೀಟರ್ ದೂರ ಕನಿಷ್ಠ. ಕಿವಿ ಹಿಂದಕ್ಕೆ ಒರಗಿಸುವುದು, ಹಲ್ಲು ಕಡಿಯುವ ಸದ್ದು, ಬುಸುಗುಟ್ಟುವುದು ಇವು ನೀವು ಮಿತಿ ಮೀರಿದ್ದೀರಿ ಎಂಬ ಎಚ್ಚರಿಕೆ. ಓಡಬಾರದು, ಮಕ್ಕಳನ್ನು ಎತ್ತಿಕೊಂಡು, ತಗ್ಗಿದ ಧ್ವನಿಯಲ್ಲಿ ಮಾತಾಡುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಫೋಟೋಗಾಗಿ ಕಾರಿನ ಬಾಗಿಲು ತೆರೆಯಬೇಡಿ.

ಸೊಳ್ಳೆಗೆ ಆರು ತಿಂಗಳು ದಾಟಿದ ಮಕ್ಕಳಿಗೆ ಕೆನಡಾದ ಮಕ್ಕಳ ವೈದ್ಯರು ಮೊದಲು ಸೂಚಿಸುವುದು ಇಕಾರಿಡಿನ್ ಇರುವ ಔಷಧಿಯನ್ನು. ತಲೆಗೆ ಹಾಕುವ ಬಲೆ ಅಗ್ಗದ್ದು, ಎಲ್ಲರಿಗೂ ಒಂದೊಂದು ಕೊಳ್ಳಿ.

ಹಂತ 8: ರಸ್ತೆಯಲ್ಲಿ ಪ್ರತಿದಿನ

ಬೆಳಿಗ್ಗೆ ಹೊರಡುವ ಮುನ್ನ ನಾಲ್ಕೂ ಟೈರು ಮುಟ್ಟಿ ನೋಡಿ, ಡ್ರೈವ್‌ಬಿಸಿ (ಬ್ರಿಟಿಷ್ ಕೊಲಂಬಿಯಾದ್ದು) ಮತ್ತು 511 ಯೂಕಾನ್ ಜಾಲತಾಣಗಳಲ್ಲಿ ರಸ್ತೆಯ ಸ್ಥಿತಿ ಓದಿ. ಯೂಕಾನಿನಲ್ಲಿ ಹಗಲಿನಲ್ಲೂ ಹೆಡ್‌ಲೈಟ್ ಉರಿಸಿರಬೇಕೆಂಬುದು ಕಾನೂನು. ಎದುರಿನಿಂದ ದೊಡ್ಡ ಲಾರಿ ಬಂದಾಗ ವೇಗ ತಗ್ಗಿಸಿ ಬಲಕ್ಕೆ ಸರಿದರೆ ಗಾಜು ಉಳಿಯುವ ಸಾಧ್ಯತೆ ಹೆಚ್ಚು. ರಸ್ತೆಯಂಚಿನಲ್ಲಿ ಸಣ್ಣ ಬಾವುಟ ಕಂಡರೆ ಮುಂದೆ ಉಬ್ಬೋ ಗುಂಡಿಯೋ ಇದೆಯೆಂದು ತಿಳಿದು ತಕ್ಷಣ ನಿಧಾನಿಸಬೇಕು.

ಬೆಳಕು ರಾತ್ರಿ ಹನ್ನೊಂದಕ್ಕೂ ಇರುವುದರಿಂದ ದಣಿವು ಅರಿವಿಗೆ ಬರುವುದಿಲ್ಲ. ಗಡಿಯಾರ ನೋಡಿ ಸಂಜೆ ಆರಕ್ಕೆ ನಿಲ್ಲಿಸುವ ನಿಯಮ ಇಟ್ಟುಕೊಳ್ಳಿ. ಮುಸ್ಸಂಜೆಯ ಹೊತ್ತಿಗೆ ಮೂಸ್‌ಗಳು ರಸ್ತೆಗೆ ಬರುತ್ತವೆ. ಅವುಗಳ ಕಣ್ಣು ದೀಪದ ಬೆಳಕಿಗಿಂತ ಎತ್ತರದಲ್ಲಿರುವುದರಿಂದ ಹೊಳೆಯುವುದು ಕಾಣುವುದಿಲ್ಲ. ಸ್ಟಿಯರಿಂಗ್ ಒಂದು ಕಡೆಗೆ ಎಳೆಯುವುದು, ಹೊಸದಾಗಿ ಶುರುವಾದ ಅದುರು, ಸುಟ್ಟ ರಬ್ಬರಿನ ವಾಸನೆ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಊರಿನವರೆಗೆ ಕಾಯದೆ ಸಮತಟ್ಟಾದ, ಎರಡೂ ಕಡೆಯಿಂದ ಕಾಣುವ ಜಾಗದಲ್ಲಿ ನಿಲ್ಲಿಸಿ ನೋಡಬೇಕು.

ಹಂತ 9: ಹಿಂತಿರುಗುವ ಷರತ್ತುಗಳನ್ನು ಮನೆಯಲ್ಲೇ ಬರೆಯಿರಿ

ಹೊರಟ ಮೇಲೆ ವಾಪಸಾಗುವ ಮಾತು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕಾಗಿ ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್ ಈ ಮೂರು ಊರುಗಳನ್ನು ನಿರ್ಧಾರದ ಜಾಗಗಳೆಂದು ಗುರುತಿಸಿ. ಪ್ರತಿಯೊಂದರಲ್ಲೂ ನಾಲ್ಕು ಪ್ರಶ್ನೆ: ಮಗುವಿಗೋ ಹಿರಿಯರಿಗೋ ಜ್ವರವಿದೆಯೇ, ಸ್ಟೆಪ್ನಿ ಬಳಕೆಯಾಗಿ ಬದಲಿ ಸಿಗದೆ ಹೋಗಿದೆಯೇ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಿದೆಯೇ, ಮುಂದಿನ ದಾರಿಯಲ್ಲಿ ಕಾಳ್ಗಿಚ್ಚು ಅಥವಾ ಪ್ರವಾಹದ ಸೂಚನೆ ಇದೆಯೇ. ಒಂದಕ್ಕೆ ಹೌದೆಂದು ಉತ್ತರ ಬಂದರೂ ಅದು ಸರಿಹೋಗುವವರೆಗೆ ಮುಂದಕ್ಕೆ ಹೋಗುವುದಿಲ್ಲ ಎಂದು ಚಾಲಕರಿಬ್ಬರೂ ಒಪ್ಪಿರಬೇಕು. ರದ್ದುಮಾಡಲು ಬರುವ ಕೋಣೆ ಬೇಕೆಂದದ್ದು ಈ ಕಾರಣಕ್ಕೆ.

ಕಾಳ್ಗಿಚ್ಚು ದೂರದ ಮಾತಲ್ಲ. 2024ರ ಮೇ ತಿಂಗಳಿನಲ್ಲಿ ಫೋರ್ಟ್ ನೆಲ್ಸನ್ ಊರನ್ನೇ ಬೆಂಕಿಯ ಭಯದಿಂದ ಖಾಲಿ ಮಾಡಿಸಲಾಗಿತ್ತು. ಹೊಗೆಯಿಂದ ಎದುರಿನ ಗುಡ್ಡದ ಅಂಚು ಕಾಣದಾದರೆ, ಮಕ್ಕಳು ಕೆಮ್ಮತೊಡಗಿದರೆ, ಅಧಿಕೃತ ಆದೇಶಕ್ಕೆ ಕಾಯದೆ ಬಂದ ದಾರಿಯಲ್ಲಿ ತಿರುಗಬಹುದು. ವಾಟ್ಸನ್ ಲೇಕ್‌ನಲ್ಲಿದ್ದಾಗ ಹಿಂದಿನ ದಾರಿ ಮುಚ್ಚಿದರೆ ದಕ್ಷಿಣಕ್ಕೆ ಇನ್ನೊಂದು ಹಾದಿ ಇದೆ: ಊರಿನ ಪಶ್ಚಿಮಕ್ಕೆ 20 ಕಿ.ಮೀ. ಚಿಲ್ಲರೆ ದೂರದಲ್ಲಿ ಸ್ಟುವರ್ಟ್-ಕ್ಯಾಸಿಯಾರ್ ಹೆದ್ದಾರಿ ಕವಲೊಡೆದು ಕಿಟ್‌ವಾಂಗಾಗೆ ಇಳಿಯುತ್ತದೆ, ಅಲ್ಲಿಂದ ಪ್ರಿನ್ಸ್ ಜಾರ್ಜ್ ತಲುಪಬಹುದು. ಆ ಹಾದಿ ಹಿಡಿಯುವವರು ವಾಟ್ಸನ್ ಲೇಕ್‌ನಲ್ಲಿಯೇ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಡೀಸ್ ಲೇಕ್‌ವರೆಗಿನ ಸುಮಾರು 250 ಕಿ.ಮೀ. ನಡುವೆ ಪೆಟ್ರೋಲ್ ಸಿಗುತ್ತದೆ ಎಂದು ಎಣಿಸುವಂತಿಲ್ಲ.